ಬಂದೋವು, ಬರ್ದೋವು

ಕಡಲೆಕಾಯಿ ಸಿಪ್ಪೆಯೊಂದು ಬೋಗಿಯ ನೆಲದಲ್ಲಿ ಉರುಳುತ್ತಿದೆ, ಗಾಡಿ ಎಡಕ್ಕೆ ವಾಲಿದರೆ ನನ್ನ ಚಪ್ಪಲಿಯ ಹತ್ತಿರ ಬರುತ್ತದೆ, ಬಲಕ್ಕೆ ವಾಲಿದರೆ ಎದುರು ಸೀಟಿನ ಕೆಳಗೆ ಹೋಗುತ್ತದೆ, ಬರುತ್ತದೆ, ಹೋಗುತ್ತದೆ — ಆಸಿಲೇಟ್, ತೂಗಾಡು, ಇದು ಬಂದಿದೆ, ಹಿಂದುಗಡೆ ಅರ್ಧ ತೆಂಗಿನಕಾಯಿ ಇರುವ ಕಾರ್ಡು, ಅರ್ಥ ಬಾಯಿಗೆ ಬಂದವುಗಳ ಕಟ್ಟಿನಲ್ಲಿದೆ. ಕಾರ್ಡುಗಳಿಗೆಲ್ಲ ಎರಡು ಮುಖ, ನನ್ನ ಕಡೆಗೆ ಇಂಗ್ಲಿಷ್ ಪದ, ಅತ್ತೆಯ ಕಡೆಗೆ ಯಾರದೋ ಮದುವೆ. ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕು ನಾಲ್ಕು ತುಂಡು ಮಾಡಿ ಖಾಲಿ ಬೆನ್ನಿನ ಮೇಲೆ ಬರೆದದ್ದು, ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಬೆರಳಿಗೆ ಹತ್ತುತ್ತದೆ. ನಮ್ಮ ಮದುವೆಯವೂ ಇವೆ, ಹಂಚಿ ಮಿಕ್ಕಿದ್ದವು ಬಹಳ ಇದ್ದವು, ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕತ್ತಿಯಲ್ಲಿ ಮನೋಹರನೇ ಕತ್ತರಿಸಿ ಕೊಟ್ಟ, ಇನ್ಯಾರ್ಗೆ ಕೊಡ್ಬೇಕು ಇವನ್ನ, ಎಲ್ರೂ ಬಂದು ಉಂಡು ಹೋದ್ರಲ್ಲ ಅಂದ. ಹೀಗೆ ಹೆಸರು ಹಿಡಿಯುವುದು ಅವರು ಹೋದ ಮೇಲೆ ಶುರುವಾದದ್ದು, ಇದ್ದಾಗ ರೀ, ಅತ್ತೆಯ ಮುಂದೆ ಇವರು, ಈಗ ತಲೆಯೊಳಗೆ ಮನೋಹರ, ಅವನು, ಬಂದ, ಹೋದ, ಯಾರಿಗೂ ಕೇಳಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಎಂ.ಬಿ.ಎ. ಪ್ರವೇಶ ಪರೀಕ್ಷೆ. ಹೋದ ವರ್ಷವೂ ಕಟ್ಟಿದ್ದೆ, ಬರೆಯಲಿಲ್ಲ, ಪರೀಕ್ಷೆಗೆ ಇನ್ನೊಂದು ವಾರ ಇರುವಾಗ ಹೆದ್ದಾರಿ ಅಗಲ ಮಾಡುತ್ತಿದ್ದ ಕಡೆ ಜಲ್ಲಿಯ ಮೇಲೆ ಅವನ ಬೈಕು ಜಾರಿತು, ಹಿಂದೆ ಲಾರಿ ಬರುತ್ತಿತ್ತು. ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾರಿನ ಸೀಟು ಹೊಲಿಯುವ ಕೆಲಸ, ಮೊದಲನೇ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ. ಇಷ್ಟನ್ನು ನಾನು ಯಾರು ಕೇಳಿದರೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಚನ್ನಪಟ್ಟಣ ಹಿಂದೆ ಹೋಯಿತು, ಕಿಟಕಿಯಲ್ಲಿ ತೆಂಗು, ರಾಗಿ ಹೊಲ, ಆಮೇಲೆ ಬಂಡೆ, ಮತ್ತೆ ಬಂಡೆ. ಮಡಿಲಲ್ಲಿ ಊಟದ ಡಬ್ಬಿ, ಇನ್ನೂ ಬಿಸಿಯಾಗಿದೆ, ಸೀರೆಯ ಮೇಲಿಂದಲೂ ತೊಡೆಗೆ ತಾಗುತ್ತದೆ. ಇದೇ ಡಬ್ಬಿಯಲ್ಲಿ ಹಾಕಬೇಕಿತ್ತೇ, ಬೇರೆ ಡಬ್ಬಿ ಇರಲಿಲ್ಲವೇ ಅತ್ತೆ.

ಹುಳುಗಳು ಜ್ವರಕ್ಕೆ ಕೂತಾಗಲೇ ನನ್ನ ಓದು. ಜ್ವರ ಅಂದರೆ ಕಾಯಿಲೆಯಲ್ಲ, ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ, ತಟ್ಟೆಗಟ್ಟಲೆ ಹುಳು, ಎಲ್ಲದರ ತಲೆಯೂ ಮೇಲೆ, ಒಂದು ಸದ್ದಿಲ್ಲ, ಡಾರ್ಮಂಟ್, ಸುಪ್ತ, ಇದು ಬರೆದ ದಿನವೇ ಬಂದಿತ್ತು. ಜ್ವರ ಎದ್ದರೆ ಮತ್ತೆ ಸೊಪ್ಪು, ಕಸ ತೆಗೆಯುವುದು, ಸೊಪ್ಪು. ಅಷ್ಟರೊಳಗೆ ಅತ್ತೆ ಕಾಲು ಚಾಚಿ ಕೂತು ಕಾರ್ಡು ಎತ್ತಿ ನನ್ನ ಮುಖಕ್ಕೆ ಹಿಡಿಯಬೇಕು. ಅತ್ತೆಗೆ ಓದು ಬರುವುದಿಲ್ಲ, ಕನ್ನಡವೂ ಇಲ್ಲ, ವೆಂಕಟಲಕ್ಷ್ಮಮ್ಮ ಅಂತ ರುಜು ಹಾಕುವಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ಆದರೂ ನನ್ನ ಪರೀಕ್ಷೆ ಮಾಡುವುದು ಅವರೇ. ಕಾರ್ಡು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ರೆಲಕ್ಟಂಟ್ ಅಂದರೆ, ಅಂದರೆ — ನೋಡು ನೋಡು, ತೊಲೆ ನೋಡ್ದೆ, ಬರ್ನಿಲ್ಲ. ಬಂತು ಅತ್ತೆ, ಮನಸ್ಸಿಲ್ಲದ ಅಂತ. ಬಂದಿದ್ರೆ ತೊಲೇಲಿ ಯಾಕವ್ವ ಹುಡುಕ್ದೆ, ಸೊಂಡ್ಲು ಇರೋದು ನಿಂಗೆ ಯಾವತ್ತೂ ಬರಾಕಿಲ್ಲ, ಬರ್ದೋವ್ಕೇ ಹಾಕ್ತೀನಿ. ಪ್ರತಿ ಕಾರ್ಡನ್ನೂ ಅವರು ತಮ್ಮ ಕಡೆಯ ಚಿತ್ರದಿಂದ ಗುರುತು ಹಿಡಿಯುತ್ತಾರೆ, ಬಾಳೆಕಂಬ ಬಂತು, ನಾಗಸ್ವರ ಬಂತು, ಗಣೇಶನ ಸೊಂಡಿಲು ಬರಲಿಲ್ಲ, ಆ ಸೊಂಡಿಲು ನಮ್ಮ ಮದುವೆಯ ಪತ್ರಿಕೆಯದು, ನನಗೂ ಗೊತ್ತು, ಅವರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ಸೊಪ್ಪಿನ ಹೊರೆ ಇಳಿಸಿದ ಮಾವ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ, ಏನು, ಅತ್ತೆ ಸೊಸೆ ಇಸ್ಪೀಟಿಗೆ ಕೂತವ್ರೆ, ಹುಳ ಏನು ಇಂಗ್ಲೀಷ್ನಾಗೆ ಸೊಪ್ಪು ಕೇಳ್ತವಾ? ನೀವು ಕನ್ನಡದಾಗೆ ಕೇಳುದ್ರೂ ಈಗ ಕಾಪಿ ಕೊಡಾಕಿಲ್ಲ, ಒಸಿ ಸುಮ್ನಿರಿ, ಮಗಿಗೆ ಬಾಯಿಗ್ ಬಂದಿದ್ದು ಮರ್ತೋಯ್ತದೆ. ಮಗು ಅಂದರೆ ನಾನು. ಮಾವ ನಗುತ್ತಾ ಹೋದರು, ನಾನೂ ನಗಬೇಕು ಅನ್ನಿಸಿತು, ನಗುವ ಜಾಗ ಎಲ್ಲಿದೆ ಅಂತ ಗೊತ್ತು, ಅಲ್ಲಿಗೆ ಹೋಗಲು ತಡವಾಗುತ್ತದೆ. ಮನೋಹರ ಹೋದ ಹನ್ನೊಂದನೇ ದಿನವೂ ಹೀಗೇ, ಜನ ನನ್ನ ಮುಖವನ್ನೇ ನೋಡುತ್ತಿದ್ದರು, ಇವಳು ಅತ್ತಿಲ್ಲ ಕಣಕ್ಕ ಅಂತ ಯಾರೋ ಅಂದರು, ಅಳದೆ ಇದ್ರೆ ನಿಂಗೇನೇ ತಾಯಿ ನಷ್ಟ, ಎದ್ದು ಎಲೆ ಹಾಕು ಅಂತ ಅತ್ತೆ ಆ ಹೆಂಗಸಿಗೆ ಅಂದರು. ಆ ಅತ್ತೆಯೇ ಅವತ್ತಿನಿಂದ ರಾತ್ರಿ ಉಣ್ಣುವುದಿಲ್ಲ. ಬೆಳಗ್ಗೆ ಉಣ್ಣುತ್ತಾರೆ, ಮಧ್ಯಾಹ್ನ ಉಣ್ಣುತ್ತಾರೆ, ದೀಪ ಹಚ್ಚಿದ ಮೇಲೆ ನೀರು ಮಾತ್ರ. ನನ್ನ ಮಗ ಉಂಡಿದ್ನೋ, ಹಸ್ಕೊಂಡೇ ಹೋದ್ನೋ, ಅದು ಗೊತ್ತಾಗೋಗಂಟ ನಂಗೆ ತುತ್ತು ಇಳಿಯಾಕಿಲ್ಲ ಕಣ್ ಮಣಿ. ಅದು ಗೊತ್ತಾಗುವ ದಾರಿ ಇತ್ತು, ಡಬ್ಬಿ. ಮನೋಹರ ಡಬ್ಬಿ ತೊಳೆದು ತಂದ ಮನುಷ್ಯನೇ ಅಲ್ಲ, ಒಸಿ ನೀರಾದ್ರೂ ಬಿಟ್ಟು ತನ್ನಿ ಅಂತ ನಾನು ದಿನಾ ಹೇಳಬೇಕು, ಅಂಚಿನಲ್ಲಿ ಒಣಗಿದ ಅಗುಳು, ತಳದಲ್ಲಿ ಸಾಸಿವೆ, ಕರಿಬೇವು, ಏನು ಉಂಡ ಏನು ಬಿಟ್ಟ ಎಲ್ಲ ಅದರಲ್ಲೇ ಇರುತ್ತಿತ್ತು, ನೆನೆಹಾಕಿ ಉಗುರಿನಲ್ಲಿ ಕೆರೆಯಬೇಕು. ಬೈಕು ಜಾರಿದ ದಿನ ಸಂಜೆ, ಅವನ ಜೊತೆ ಕೆಲಸ ಮಾಡುವ ಶರೀಫ್ ತಂದುಕೊಟ್ಟ ಬ್ಯಾಗಿನಲ್ಲಿ ಡಬ್ಬಿ ತೊಳೆದಿತ್ತು. ಅತ್ತೆ ಮುಂದೆ ಕೂತಿದ್ದರು, ನಾನು ಕ್ಲಿಪ್ಪು ತೆಗೆದೆ, ಅಗುಳಿಲ್ಲ, ವಾಸನೆಯಿಲ್ಲ, ಮುಚ್ಚಳದ ಒಳಗೆ ಒಂದು ಹನಿ ನೀರು, ಅಷ್ಟೇ, ಮತ್ತೆ ಮುಚ್ಚಿಟ್ಟೆ.

ಯಾರು ತೊಳೆದರು. ಒಂದು ವರ್ಷದಿಂದ ಇದೊಂದೇ ಪ್ರಶ್ನೆ, ಉತ್ತರ ಎರಡೇ. ಆಸ್ಪತ್ರೆಯಲ್ಲಿ ಬ್ಯಾಗು ಹಿಡಿದು ನಿಂತಿದ್ದ ಶರೀಫ್ ನೋಡಿರಬೇಕು, ಮುಟ್ಟದ ಊಟ, ಹಾಗೇ ಕೊಟ್ಟರೆ ಮನೆಯವರಿಗೆ ನೋವು ಅಂತ ಚೆಲ್ಲಿ ತೊಳೆದಿರಬೇಕು, ಒಳ್ಳೆಯವನು, ಹಾಗೆ ಮಾಡುವವನೇ. ಇನ್ನೊಂದು, ಅವನೇ ಉಂಡು ತೊಳೆದದ್ದು, ಅದು ಆಗದ ಮಾತು, ಮನೋಹರ ತೊಳೆಯುವುದಿಲ್ಲ. ಹನ್ನೊಂದನೇ ದಿನ ಶರೀಫ್ ಅಂಗಳದ ಹುಣಸೆಮರದ ಕೆಳಗೆ ನಿಂತಿದ್ದ, ಎರಡು ಮಾರು ದೂರ, ಕೇಳಬಹುದಿತ್ತು. ಉಣ್ಣಲಿಲ್ಲ ಅಂತ ಅವನು ಹೇಳಿದರೆ ಅದನ್ನು ಅತ್ತೆಗೆ ನಾನು ಹೇಳಬೇಕು, ನನ್ನ ಮುಖ ನೋಡಿ ಸುಳ್ಳು ಹಿಡಿಯುವ ಅತ್ತೆಗೆ, ಅದಕ್ಕೇ ಕೇಳಲಿಲ್ಲ, ರೆಲಕ್ಟಂಟ್, ಮನಸ್ಸಿಲ್ಲದ. ಇವತ್ತು ಬೆಳಗ್ಗೆ ಅತ್ತೆ ಹಿತ್ತಲ ಬಾಗಿಲಿನಿಂದ ತುಂಬಿದ ಕೊಡ ಹೊತ್ತು ಮನೆ ಸುತ್ತಿ ಬಂದು, ನಾನು ಹೊಸಿಲು ದಾಟುವಾಗ ಸರಿಯಾಗಿ ಎದುರಾದರು, ಅಕಸ್ಮಾತ್ ಬಂದವರ ಹಾಗೆ, ನಲ್ಲಿ ಇರುವುದು ಹಿತ್ತಲಲ್ಲೇ, ಕೊಡ ತಂದು ಬೀದಿಯಲ್ಲಿ ಏನು ಕೆಲಸ. ಮುತ್ತೈದೆ ಎದುರಿಗ್ ಬಂದಿವ್ನಿ, ಇನ್ನು ಹೋಗು. ಆಮೇಲೆ ಡಬ್ಬಿ ಕೈಗಿಟ್ಟರು, ಚಿತ್ರಾನ್ನ, ಮನೋಹರನ ಡಬ್ಬಿ. ಶರೀಫ ಫ್ಯಾಕ್ಟ್ರಿ ಓಟೀ ಡ್ಯೂಟಿಗೆ ಅಂತ ಭಾನ್ವಾರನೂ ಇದೇ ಗಾಡೀಲಿ ಹೋಯ್ತನಂತೆ, ನಮ್ಮೂರ ಕೆಂಚಯ್ಯ ಹೇಳ್ದ, ಸಿಕ್ಕುದ್ರೆ ಕೇಳು. ಸಿಗದಿದ್ರೆ ಅತ್ತೆ? ಸಿಗದಿದ್ರೆ ಪರೀಕ್ಷೆ ಬರ್ದು ಬಾ.

ರಾಮನಗರ. ಗಾಡಿ ನಿಂತಿತು, ಸಿಪ್ಪೆಯೂ ನಿಂತಿತು. ಟಿಕೇಟಿನಂಥ ಚೌಕ ಬಿಸಿಲು ಸೀಟಿನ ಮೇಲೆ, ಪ್ಲಾಟ್‌ಫಾರಂ ಮೇಲೆ ವಡೆಯವನ ಕೂಗು, ಹತ್ತುವ ಜನ, ರೇಷ್ಮೆಗೂಡಿನ ಚೀಲದ ವಾಸನೆ ಹೊತ್ತ ಒಬ್ಬ, ಅವನ ಹಿಂದೆ ನೀಲಿ ಅಂಗಿ, ಕಾರ್ಖಾನೆಯ ನೀಲಿ, ಅದೇ ನೀಲಿಯದೊಂದನ್ನು ನಾನು ಟ್ರಂಕಿನ ತಳದಲ್ಲಿಟ್ಟಿದ್ದೇನೆ. ಶರೀಫ್. ಕಾರ್ಡುಗಳ ಮೇಲೆ ಕಣ್ಣಿಟ್ಟೆ, ಫ್ರೂಗಲ್, ಮಿತವಾಗಿ ಬಳಸುವ, ಕ್ಯಾಂಡರ್, ಮುಚ್ಚುಮರೆಯಿಲ್ಲದ ಮಾತು, ಸೆರಗನ್ನು ಡಬ್ಬಿಯ ಮೇಲೆ ಎಳೆದುಕೊಂಡೆ, ಬಿಡದಿಗೆ ಇನ್ನೆಷ್ಟು ದೂರ, ನಡುವೆ ಕೇತೋಹಳ್ಳಿ ಒಂದೇ, ಅಷ್ಟು ಹೊತ್ತು ತಲೆ ತಗ್ಗಿಸಿದರೆ ಇಳಿದು ಹೋಗುತ್ತಾನೆ, ಸಿಗಲಿಲ್ಲ ಅತ್ತೆ ಅಂದರೆ ಸಾಕು, ತೊಲೆ ನೋಡದೆ ಅನ್ನಬೇಕು. ಅಕ್ಕಾ, ನೀವಾ. ಎದುರಿಗೇ ಕೂತ. ತೆಳ್ಳಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ, ಅವನ ಮಡಿಲಲ್ಲೂ ಒಂದು ಡಬ್ಬಿ. ಅಮ್ಮ ಹೆಂಗವ್ರೆ ಅಂದ, ಇದಾರೆ ಅಂದೆ. ಅಪ್ಪ? ಇದಾರೆ. ಎಲ್ಗೆ ಹೊರಟ್ರಿ? ಪರೀಕ್ಷೆಗೆ. ಯಾವ ಪರೀಕ್ಷೆ, ಅದೇನಾ, ಹೋದ್ ವರ್ಷದ್ದಾ? ಅದೇ. ಅವನು ಕಿಟಕಿಯ ಕಡೆ ತಿರುಗಿದ. ಬಂಡೆಗಳು ಹೋದವು, ಹೊಸ ಶೆಡ್ಡಿನ ತಗಡು ಬಂತು, ಮಿಂಚಿತು, ಮತ್ತೊಂದು ತಗಡು. ಗಾಡಿ ಜೋರಾಗಿ ವಾಲಿತು, ಸೆರಗು ಜಾರಿತು. ಅರೆ, ಈ ಡಬ್ಬಿ ಮನೂದಲ್ವಾ ಅಕ್ಕ, ಈ ತಂತಿ ನಾನೇ ಸುತ್ತಿದ್ದು ನೋಡಿ, ಕ್ಲಿಪ್ ಮುರಿದಿತ್ತು, ಹೊಸದು ತಗೊಳ್ಳೋ ಅಂದ್ರೆ ಬೇಡ ನನ್ ಹೆಂಡ್ತಿ ತವರಿಂದ ಬಂದಿದ್ದು ಅಂದ. ತವರಿನದೇ ಹೌದು. ಕೆಂಪು ತಂತಿ, ಸುತ್ತು ಬಿಗಿಯಾಗಿದೆ, ದಿನಾ ನೋಡಿದ್ದೇನೆ, ಯಾರು ಸುತ್ತಿದ್ದೆಂದು ಅದನ್ನೂ ಕೇಳಿರಲಿಲ್ಲ. ಈಗ ಕೇಳಬೇಕು. ಕೇತೋಹಳ್ಳಿ ಬಂತು, ಯಾರೋ ಇಳಿದರು, ಹೋಯಿತು. ಶರೀಫಣ್ಣ, ಅವತ್ತು ಅವರು ಊಟ ಮಾಡಿದ್ರಾ. ನನ್ನ ಧ್ವನಿಯೇ, ಅಂಗಡಿಯಲ್ಲಿ ಉಪ್ಪು ಇದೆಯಾ ಅಂತ ಕೇಳಿದ ಹಾಗೆ. ಯಾವತ್ತು ಅಂತ ಅವನು ಕೇಳಲಿಲ್ಲ. ಉಂಡ ಅಕ್ಕ, ಉಣ್ಣದೆ ಇರೋ ಆಸಾಮಿನಾ ಅವ್ನು, ನಿಮ್ಮ ಬಸ್ಸಾರು ಅನ್ನ ಪೂರಾ ಉಂಡ, ನನ್ ಡಬ್ಬೀಗೂ ಕೈ ಹಾಕ್ದ, ನಮ್ಮನೇವ್ಳು ತಾಹೇರಾ ಬದನೆಕಾಯಿ ಮಾಡಿದ್ಲು, ಒಂದ್ ಹೋಳು ಬಿಡ್ಲಿಲ್ಲ, ನಾನು ಬರೀ ಎಣ್ಣೇಲಿ ರೊಟ್ಟಿ ಅದ್ದಿ ತಿಂದೆ, ಏನ್ಲಾ ಮನು, ಮನೇಲಿ ಕೂಳು ಹಾಕಲ್ವೇನ್ಲಾ ಅಂದೆ. ನಗುತ್ತಿದ್ದಾನೆ, ಕಣ್ಣು ಒದ್ದೆ, ತೋಳಿನಿಂದ ಒರೆಸಿಕೊಂಡ. ಹಾಗಾದರೆ ಡಬ್ಬಿ ನೀವು ತೊಳೆದಿರಾ? ನಾನಾ, ನಾನ್ಯಾಕ್ ತೊಳೀಲಿ, ಅವ್ನೇ ತೊಳ್ದ. ಅವರು ತೊಳೆಯಲ್ಲ. ಅವತ್ತು ತೊಳ್ದ ಅಕ್ಕ, ಕ್ಯಾಂಟೀನ್ ಹಿಂದೆ ನಲ್ಲಿ ಐತಲ್ಲ, ಅಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು, ಪುಡಿ ಇಲ್ಲ ಅಂತ ಮಣ್ಣು ಹಾಕಿ ಉಜ್ಜತಾವ್ನೆ, ನಾವೆಲ್ಲ ಸುತ್ತ ನಿಂತು ರೇಗ್ಸಿದ್ದೇ ರೇಗ್ಸಿದ್ದು, ಏನ್ ಮನು, ಹೆಂಡ್ತಿ ಒದ್ದುಬುಟ್ಳಾ ಅಂತ. ಪರೀಕ್ಷೆ ಬಂತು ಕಣ್ರಲಾ, ಅದು ಮುಗಿಯೋಗಂಟ ಡಬ್ಬಿ ನನ್ ಡ್ಯೂಟಿ, ಅವ್ಳು ಓದ್ಕಳ್ಳಿ ಅಂದ. ಅವತ್ತೇ ಮೊದ್ಲು ತೊಳ್ದಿದ್ದು. ಹೇಳ್ಬೇಕು ಅಂತ ಹನ್ನೊಂದರ ದಿನ ಬಂದಿದ್ದೆ, ನಿಮ್ಮ ಮುಖ ನೋಡಿ ಬಾಯೇ ಬರ್ಲಿಲ್ಲ ಅಕ್ಕ.

ಬಿಡದಿ. ನೀಲಿ ಅಂಗಿ ಇಳಿಯಿತು, ಇನ್ನೂ ಎಷ್ಟೋ ನೀಲಿ ಅಂಗಿಗಳು, ಗುಂಪಿನಲ್ಲಿ ಯಾವುದು ಅವನದು ಅಂತ ತಿಳಿಯದು, ಒಂದು ಕೈ ಮೇಲೆದ್ದಿತು, ಚೆನ್ನಾಗಿ ಬರೀರಿ ಅಕ್ಕ, ಬೀಸಿತು, ನಾನೂ ಬೀಸಿದೆನೋ ಇಲ್ಲವೋ. ಗಾಡಿ ಹೊರಟಿದೆ, ಸಿಪ್ಪೆ ಮತ್ತೆ ಬರುತ್ತದೆ, ಹೋಗುತ್ತದೆ. ಉಂಡರು ಅತ್ತೆ, ಪೂರಾ ಉಂಡರು, ಬದನೆಕಾಯಿಯನ್ನೂ ಉಂಡರು, ಇಷ್ಟು ಹೇಳಿದರೆ ಸಾಕು, ನನ್ನ ಮುಖ ಎಷ್ಟು ಬೇಕಾದರೂ ನೋಡಿ, ಇವತ್ತು ರಾತ್ರಿ ಮುದ್ದೆಗೆ ಒಂದು ಹಿಡಿ ಹಿಟ್ಟು ಜಾಸ್ತಿ ಹಾಕಬೇಕು, ಸಾಯಂಕಾಲದ ಗಾಡಿಗೆ ಹೋದರೆ ದೀಪ ಹಚ್ಚುವಷ್ಟರಲ್ಲಿ ಮನೆ, ಅತ್ತೆಗೆ ಹೇಳಿದೆ, ಅತ್ತೆ ಉಂಡರು, ಆಗಿಹೋಯಿತು. ಇನ್ನು ನಲ್ಲಿಯ ಮಾತು, ಅದನ್ನು ಹೇಳುವುದೋ ಬೇಡವೋ, ಅದು ನನ್ನದು. ಹೆಜ್ಜಾಲ, ಕೆಂಗೇರಿ, ಓದಬೇಕು, ಬರದವುಗಳ ಕಟ್ಟು ಬಿಚ್ಚು. ಅಬೇಟ್, ಕಡಿಮೆಯಾಗು. ಬ್ರಿಟಲ್, ಪಟ್ಟನೆ ಮುರಿಯುವ. ಮೆಟಿಕ್ಯುಲಸ್, ಸಣ್ಣದನ್ನೂ ಬಿಡದೆ ಅಚ್ಚುಕಟ್ಟಾಗಿ ಮಾಡುವ, ಬಂತು, ಇದು ಬಂದವುಗಳ ಕಡೆಗೆ ಹೋಗಲಿ. ಮುಂದಿನದು, ಅರಿಶಿನದ ಮೂಲೆ, ತಿರುಗಿಸದೆಯೇ ಗೊತ್ತು, ಸೊಂಡಿಲು. ರೆಲಕ್ಟಂಟ್ ಅಂದರೆ, ಅಂದರೆ, ಈಗ ತಾನೇ ಹೇಳಿದ್ದೆನಲ್ಲ, ಈಗ ತಾನೇ ಇತ್ತು — ನೋಡು ನೋಡು, ಮೇಲ್ಕೆ ನೋಡ್ದೆ. ಮೇಲೆ ತೊಲೆಯಿಲ್ಲ, ತಿರುಗದ ಫ್ಯಾನು, ಅದರಾಚೆ ನಲ್ಲಿ, ಕುಕ್ಕರುಗಾಲು, ನೀಲಿ ಬೆನ್ನು, ಮಣ್ಣಿನ ಕೈ, ತೊಳೆದ ಡಬ್ಬಿ. ಒರೆಸಲು ಬಟ್ಟೆಯಿಲ್ಲದೆ ಹಾಗೇ ಮುಚ್ಚಿರಬೇಕು. ತೊಳೆದು ಅಭ್ಯಾಸವಿರುವವರು ಬೋರಲು ಹಾಕಿ ಆರಲು ಬಿಡುತ್ತಾರೆ, ಇಲ್ಲ ಸೆರಗಿನಲ್ಲಿ ಒರೆಸುತ್ತಾರೆ. ಅಭ್ಯಾಸವಿಲ್ಲದವರು ಒದ್ದೆಯಲ್ಲೇ ಮುಚ್ಚಿಬಿಡುತ್ತಾರೆ, ಮುಚ್ಚಿದರೆ ಒಳಗೆ ಆರುವುದಿಲ್ಲ, ಆಸ್ಪತ್ರೆಗೆ ಹೋದರೂ ಆರುವುದಿಲ್ಲ, ಮನೆಗೆ ಬಂದು ನಾನು ಕ್ಲಿಪ್ಪು ತೆಗೆಯುವವರೆಗೂ ಹಾಗೇ, ಮುಚ್ಚಳದ ಒಳಗೆ, ನಡುವಿನಲ್ಲಿ, ಒಂದು ಹನಿ.