ಬೀಗದಲ್ಲೇ ಬಿಟ್ಟ ಕೀಲಿ

ಕೀಲಿ ಅಲ್ಲಾಡುತ್ತಿದೆ, ಫ್ಯಾನಿನ ಗಾಳಿಗಿರಬೇಕು, ಯಾರೂ ಮುಟ್ಟಿಲ್ಲ — ಔಷಧಿ ಅಂಗಡಿಯ ಹಿಂದಿನ ಪುಟ್ಟ ಕಪಾಟಿನ ಕೀಲಿಯನ್ನು ಜೇಬಿನಿಂದ ಹೊರಗೆ ಬಿಡದ ಮಾಲೀಕರು ಇವತ್ತು ಬೀಗದಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದಾರೆ, ಮರೆವಂತೆ, ಮರೆವಿಗೂ ಒಂದು ಮರ್ಯಾದೆ ಬೇಡವೇ, ಇದು ಪರೀಕ್ಷೆಯೇ ಸರಿ, ಮೂಲೆಯಲ್ಲೆಲ್ಲೋ ನಿಂತು ನೋಡುತ್ತಿರಬೇಕು. ಅಂಗಡಿಯಲ್ಲಿ ಔಷಧಿ ಕೊಡುವ ಅವಳು ಕೌಂಟರಿಗೆ ಕೈಯೂರಿದಳು, ಸೊಂಟದಿಂದ ಹಿಮ್ಮಡಿಗೆ ಅದೇ ಎಳೆತ, ಏಣಿಯಿಂದ ಬಿದ್ದಾಗ ಬಂದ ನೆಂಟ, ಹೊರಟೆ ಹೊರಟೆ ಅನ್ನುತ್ತಲೇ ಇನ್ನೊಂದು ಊಟಕ್ಕೆ ಕೂರುವ ನೆಂಟ, ಅದನ್ನು ಓಡಿಸುವ ಮಾತ್ರೆ ಆ ಕಪಾಟಿನಲ್ಲೇ ಇದೆ, ನುಂಗಿದರೆ ಸೊಂಟವೇ ಇಲ್ಲ ಅನ್ನಿಸುತ್ತಿತ್ತು, ಆಮೇಲೆ ಏನೂ ಇಲ್ಲ ಅನ್ನಿಸತೊಡಗಿತು, ನಿಂತಲ್ಲೇ ತೂಕಡಿಸಿ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಟ್ಟಳು, ಅವರು ಬಾಗಿಲಲ್ಲೇ ನೋಡಿಕೊಂಡದ್ದು ಪುಣ್ಯ. ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ಈಗ ಬಿಸಿನೀರಿನ ಚೀಲ, ನಡಿಗೆ, ಗೋಡೆಗೆ ಬೆನ್ನು ಕೊಟ್ಟು ಉಸಿರು ನಿಧಾನ ಹೊರಗೆ, ವ್ಯಾಯಾಮ ಹೇಳಿಕೊಡುವ ಹುಡುಗಿ ಅನ್ನುತ್ತಾಳೆ, ನೋವು ಪೂರ್ತಿ ಹೋಗಲ್ಲ ಅಕ್ಕಾ, ಅದರ ಗಲಾಟೆ ಕಡಿಮೆ ಮಾಡೋಣ, ಅವಳಿಗೇನು, ಸೊಂಟ ಅವಳದ್ದಲ್ಲವಲ್ಲ, ಆದರೆ ನಿಜವಾಗಿ ಕಡಿಮೆಯಾಗುತ್ತದೆ, ಅದೂ ಅನುಮಾನವೇ, ಇಷ್ಟು ಸುಲಭದ್ದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ. ಗಂಡ ದಿನಾ ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡುತ್ತಾನೆ, ಈ ವಯಸ್ಸಿನಲ್ಲಿ ಇದೇನು ಪ್ರೀತಿ ಎಂದು ನಾಚಿಕೊಂಡಿದ್ದಳು ಪೆದ್ದಿ, ಕಣ್ಣಿನ ಪಾಪೆ ಆ ಮಾತ್ರೆ ತಿಂದವರ ಪಾಪೆಯ ಹಾಗೆ ಸಣ್ಣಗಾಗಿದೆಯೋ ಅಂತ ಅವನ ಲೆಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗತಿ ಅವಳದು, ಕದ್ದಿಲ್ಲ, ಆದರೂ ಹೆಗಲು ಮುಟ್ಟಿಕೊಳ್ಳುತ್ತಾಳೆ. ಕೀಲಿ ಅಲ್ಲಾಡುತ್ತಿದೆ.

ಮಾಲೀಕರು ಬಂದರು, ಕೈ ಒರೆಸಿಕೊಳ್ಳುತ್ತ, ಕಪಾಟಿನತ್ತ ನೋಡಲೂ ಇಲ್ಲ, ನೋಡದಿರುವುದನ್ನೂ ಕಲಿತಿದ್ದಾರೆ, ಅತಿ ವಿನಯಂ ಧೂರ್ತ ಲಕ್ಷಣಂ, ಕೀಲಿ ಮರೆತು ಹೋಗಿದ್ರಿ ಸರ್, ಅಂದಳು, ದನಿ ಒರಟಾಗಿಯೇ ಬಂತು. ಮರೆತಿಲ್ಲಮ್ಮ, ಇನ್ಮೇಲೆ ಅಲ್ಲೇ ಇರುತ್ತೆ, ನಿಮ್ಮನ್ನ ಕಾವಲು ಕಾಯೋಕೆ ನಂಗೇ ನಾಚಿಕೆ ಆಗ್ತಿದೆ. ಅವಳು ಆ ಮುಖವನ್ನು ಗಂಡ ತನ್ನ ಕಣ್ಣನ್ನು ನೋಡುವ ಹಾಗೆ ನೋಡಿದಳು, ಮೋಸ ಎಲ್ಲಿ, ಎಲ್ಲಾದರೂ ಇರಲೇಬೇಕು, ಇರಲಿಲ್ಲ, ಅವರು ಸರಕು ಬಂತೆಂದು ಗೋದಾಮಿಗೆ ಹೋದರು, ಫ್ಯಾನ್ ಆರಿಸಿ. ಈಗ ಯಾರ ಮೇಲೆ ಸಿಟ್ಟು ಮಾಡಲಿ, ಇಷ್ಟು ದಿನ ನೋಡೋಣ ಇವರ ಅನುಮಾನ ಗೆಲ್ಲುತ್ತೋ ನಾನೋ ಎಂಬ ಹಟಕ್ಕಾದರೂ ಮುಟ್ಟದೆ ಇದ್ದೆನಲ್ಲ, ಹಟ ಕಿತ್ತುಕೊಂಡು ನಂಬಿಕೆ ಕೊಟ್ಟು ಹೋದರಲ್ಲ ಈ ಪುಣ್ಯಾತ್ಮ, ಇನ್ನು ಅನುಮಾನಿಸಲು ಉಳಿದವಳು ನಾನೊಬ್ಬಳೇ, ಅವಳಿಗೆ ಭಯವಾಯಿತು, ನಿಜವಾದ ಭಯ — ಬೆನ್ನು ಗೋಡೆಗೆ, ಉಸಿರು ಹೊರಗೆ, ನಿಧಾನ, ಇನ್ನೂ ನಿಧಾನ, ಬಲಗೈ ಸೊಂಟದ ಮೇಲಿದೆ, ಇದೆಯೇ, ನೋಡಿಕೊಂಡಳು, ಇದೆ, ಗಾಳಿಯಿಲ್ಲ, ಕೀಲಿ, ಕೀಲಿ ಅಲ್ಲಾಡುತ್ತಿದೆ —