ಒಂದೇ ಪತ್ರದಲ್ಲಿ ನಾಲ್ಕು ‘ನೈಸ್’

೨೦೦೯ರ ಮಾರ್ಚ್. ಅಮೆರಿಕದ ಸೌತ್‌ಫೀಲ್ಡಿನ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ಕಾರಿನ ಬ್ರೇಕು ಪರೀಕ್ಷಿಸುತ್ತಿದ್ದ ವೆಂಕಟರಾಮು ಅವರ ಕೆಲಸ ಹೋಗಿ ಮೂರು ವಾರವಾಗಿತ್ತು. ಮ್ಯಾನೇಜರ್ ಕೊಟ್ಟ ಶಿಫಾರಸು ಪತ್ರ ಹಿಡಿದು ಶನಿವಾರ ಲೈಬ್ರರಿಗೆ ಬಂದರು. ಕೆಲಸ ಹುಡುಕುವವರ ಅರ್ಜಿಗಳನ್ನು ವತ್ಸಲಾ ಅಲ್ಲಿ ತಿದ್ದಿಕೊಡುತ್ತಿದ್ದಳು. ಮೈಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು; ಟೊಳ್ಳು ವಾಕ್ಯ ಅವಳ ಕಣ್ಣು ತಪ್ಪಿಸುವುದು ಕಷ್ಟ.

ಓದಿ ಮುಗಿಸಿ, “ಅಂಕಲ್, ಇದರಲ್ಲಿ ನಿಮ್ಮ ವಿಷಯ ಏನೂ ಇಲ್ಲ,” ಎಂದಳು.

“ಅಲ್ಲಮ್ಮ, ನೈಸ್ ಅಂತ ನಾಲ್ಕು ಸಲ ಬರ್ದಿದಾರೆ.”

“ಅದೇ ತೊಂದರೆ. ಆ ಪದದ ಮೂಲ ಲ್ಯಾಟಿನ್. ಏನೂ ತಿಳೀದವನು ಅಂತ ಅರ್ಥ. ಇಂಗ್ಲಿಷಿಗೆ ಬಂದಾಗ ಪೆದ್ದ ಅಂತಿತ್ತು. ಆಮೇಲೆ ಅತಿ ನಾಜೂಕಿನವನು, ಕೂದಲೆಳೆ ವ್ಯತ್ಯಾಸ ಕಂಡುಹಿಡಿಯೋನು ಅಂತೆಲ್ಲ ಆಯ್ತು. ಈಗ ಬಿಸಿಲಿಗೂ ನೈಸ್, ಕಾಫಿಗೂ ನೈಸ್, ನಿಮಗೂ ನೈಸ್.”

ವೆಂಕಟರಾಮು ಅವರ ಮುಖ ಸಣ್ಣದಾಯಿತು. “ನಮ್ಮನೇಲಿ ಹಿಟ್ಟು ನೈಸಾಗಿ ರುಬ್ಬೋರು. ಇವನು ನನ್ನನ್ನ ನೈಸಾಗಿ ಸಾಗಹಾಕಿದ ಅನ್ನು.”

ವತ್ಸಲಾಗೆ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಆದರೆ ಬಿಡಲಿಲ್ಲ. “ಅಲ್ಲಿ ನೀವೊಬ್ಬರೇ ಮಾಡಿದ ಒಂದು ಕೆಲಸ ಹೇಳಿ.”

ಅವರು ನೆನಪಿಸಿಕೊಂಡು ಹೇಳಿದರು. ಒಂದು ಚಳಿಗಾಲ, ಯಂತ್ರ ಪಾಸು ಮಾಡಿದ್ದ ಬ್ರೇಕಿನ ಭಾಗವೊಂದನ್ನು ಸುಮ್ಮನೆ ತಟ್ಟಿದಾಗ ಸದ್ದು ಬೇರೆಯಾಗಿ ಕೇಳಿತಂತೆ. ಕತ್ತರಿಸಿ ನೋಡಿದರೆ ಒಳಗೆ ಸಣ್ಣ ಬಿರುಕು. ಟ್ರಕ್ಕಿಗೆ ಏರಿಸಿದ್ದ ಪೆಟ್ಟಿಗೆಗಳನ್ನೆಲ್ಲ ಹಟ ಹಿಡಿದು ಕೆಳಗಿಳಿಸಿದ್ದರು. ಎರಡು ದಿನ ಎಲ್ಲರೂ ಬೈದಿದ್ದರು.

“ಹಾಗಾದ್ರೆ ಆ ಕೂದಲೆಳೆ ವ್ಯತ್ಯಾಸದ ಹಳೇ ಅರ್ಥದಲ್ಲಿ ನೀವು ನಿಜವಾಗ್ಲೂ ನೈಸ್,” ಎಂದಳು ವತ್ಸಲಾ. “ಮ್ಯಾನೇಜರಿಗೆ ಫೋನ್ ಮಾಡಿ. ಇದನ್ನೇ ಬರೆದುಕೊಡಿ ಅಂತ ಕೇಳಿ.”

“ಹ್ಯಾಗಮ್ಮ ಕೇಳೋದು?”

“ಕೇಳಿ ಅಂಕಲ್. ನಡೆದಿದ್ದನ್ನ ತಾನೇ ಬರೀರಿ ಅಂತಿರೋದು.”

ಅವರು ಪಾರ್ಕಿಂಗ್ ಲಾಟಿಗೆ ಹೋದರು. ಮೊದಲು ಬಗ್ಗಿ ನಿಂತು, ಆಮೇಲೆ ಕೈಯಾಡಿಸುತ್ತ ಮಾತಾಡುವುದು ಗಾಜಿನಾಚೆ ವತ್ಸಲಾಗೆ ಕಾಣುತ್ತಿತ್ತು.

ಸೋಮವಾರ ಹೊಸ ಪತ್ರ ಬಂತು, ಒಂದೂವರೆ ಪುಟ. ವೆಂಕಟರಾಮು ಅವರೇ ಮರೆತಿದ್ದ ಇನ್ನೆರಡು ಘಟನೆಗಳನ್ನು ಮ್ಯಾನೇಜರ್ ತಾವಾಗಿ ಸೇರಿಸಿದ್ದರು.

ಏಪ್ರಿಲಿನಲ್ಲಿ ಓಕ್ ಬ್ರೂಕಿನ ಲಿಫ್ಟ್ ಕಂಪನಿಯೊಂದು ಇಂಟರ್‌ವ್ಯೂಗೆ ಕರೆಯಿತು. ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋದರು. ಮುಕ್ಕಾಲು ಗಂಟೆ ಆ ಬಿರುಕಿನದೇ ಮಾತು. ಕೆಲಸ ಸಿಕ್ಕಿತು.

ಸುದ್ದಿ ಹರಡಿತು. ಮುಂದಿನ ಶನಿವಾರ ಆರು ಜನ ತಮ್ಮ ತಮ್ಮ ಪತ್ರ ಹಿಡಿದು ಕಾಯುತ್ತಿದ್ದರು. ವತ್ಸಲಾ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮುಂದಿದ್ದ ಅನುಸೂಯಮ್ಮನವರನ್ನು ಕರೆದಳು.