ಗೋಡೆಯೇ ಸೂರಾದ ಮನೆ

ಒಂದು ಮಧ್ಯಾಹ್ನ ಬೀಸಿದ ಗಾಳಿಗೆ ಸೈಕಲ್ ರಿಪೇರಿಯವನ ಮನೆಯ ತಗಡು ಕಿತ್ತುಹೋಗಿ ಎದುರುಮನೆಯ ಅಂಗಳದಲ್ಲಿ ಬಿತ್ತು. ಹಿಂದೆಯೇ ಮಳೆ ಸುರಿದು ಹಳೆಯ ಮಣ್ಣಿನ ಗೋಡೆಯೂ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅವನು, ಬಟ್ಟೆ ಹೊಲಿಯುವ ಹೆಂಡತಿ, ವಯಸ್ಸಾದ ತಾಯಿ, ಮೂವರೂ ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡರು. ಮೇಲೆ ಟೈರು, ಕೆಳಗೆ ಟ್ಯೂಬು, ನಡುವೆ ಹೊಲಿಗೆ ಮೆಷಿನ್ನು. ರಬ್ಬರಿನ ವಾಸನೆಗೆ ತಾಯಿಗೆ ಕೆಮ್ಮು ಹತ್ತಿಕೊಂಡಿತು.

ಸಲಹೆಗೇನೂ ಬರ ಇರಲಿಲ್ಲ. "ಮತ್ತೆ ತಗಡೇ ಹಾಕಿ" ಎಂದರು ಒಬ್ಬರು. "ಸಿಮೆಂಟು ಕಬ್ಬಿಣ ಬಿಟ್ರೆ ಮನೆ ಅಂತಾರಾ ಅದನ್ನ?" ಎಂದರು ಇನ್ನೊಬ್ಬರು. ಎಲ್ಲರ ಮಾತೂ ಸರಿಯೆನಿಸಿ, ಗಂಡ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ದಿಂಬಿನ ಚೀಲ ಹೊಲಿಸಲು ಮಣ್ಣಕ್ಕ ಬಂದಳು. ಪಕ್ಕದ ಬೀದಿಯವಳು. ತರಬೇತಿಗೆ ಹೋಗಿ ಕಲಿತು, ಮಣ್ಣಿನ ಗುಮ್ಮಟದ ಮನೆಯನ್ನು ಕೈಯಾರೆ ಕಟ್ಟಿಕೊಂಡಿದ್ದರಿಂದ ಅವಳಿಗೆ ಆ ಹೆಸರು.

"ನೀವೂ ಕಟ್ಕೊಳ್ಳಿ. ಚೀಲಕ್ಕೆ ಮಣ್ಣು ತುಂಬೋದು, ದುಂಡಗೆ ಸಾಲಾಗಿ ಇಡೋದು, ದಮ್ಮಸ್ಸು ಹೊಡೆದು ಗಟ್ಟಿ ಮಾಡೋದು. ಮಣ್ಣು ನಿಮ್ಮ ಜಾಗದಲ್ಲೇ ಇದೆ, ಕೆಲಸಕ್ಕೆ ಮೂರು ಜನ ಇದ್ದೀರಿ."

"ಮೂರು ಜನಾನಾ? ನನ್ನನ್ನೂ ಸೇರಿಸ್ಬಿಟ್ಯಾ?" ಎಂದು ತಾಯಿ ಕೆಮ್ಮಿದರು. "ಒಂದು ಸಲ ಮಣ್ಣಿನ ಗೋಡೆ ಬಿದ್ದಿದ್ದು ಸಾಲದಾ? ಮತ್ತೆ ಮಣ್ಣಾ?"

"ಅದು ಬಿದ್ದಿದ್ದು ಬುಡದಲ್ಲಿ ನೀರು ನಿಂತಿದ್ದಕ್ಕೆ ಅಮ್ಮ. ಇಲ್ಲಿ ಪಾಯಕ್ಕೆ ಜಲ್ಲಿ ಹಾಕಿ, ಸುತ್ತ ನೀರು ಹರಿದುಹೋಗೋ ಹಾಗೆ ಮಾಡ್ಬೇಕು. ಬುಡದ ಸಾಲುಗಳ ಮಣ್ಣಿಗೆ ಸ್ವಲ್ಪ ಸುಣ್ಣ ಬೆರೆಸ್ಬೇಕು. ಮೇಲೆ ಸುಣ್ಣದ ಗಾರೆ ಬಳಿದ್ರೆ ಮಳೆ ಒಳಗೆ ಇಳಿಯಲ್ಲ."

"ಹೋಗಲಿ, ಮೂಲೆ ಇಲ್ಲದ ಮನೇಲಿ ನನ್ನ ಟ್ರಂಕು ಎಲ್ಲಿಡ್ಲಿ?"

ಈ ಪ್ರಶ್ನೆಗೆ ಮಣ್ಣಕ್ಕನೂ ನಕ್ಕುಬಿಟ್ಟಳು. "ನನಗೂ ಇನ್ನೂ ಗೊತ್ತಾಗಿಲ್ಲ ಅಮ್ಮ. ನನ್ನದನ್ನ ಮಂಚದ ಕೆಳಗೆ ತಳ್ಳಿದ್ದೀನಿ."

ಮೊದಲು ಅನುಮತಿಗೆ ಕಚೇರಿಗೆ ಹೋಗಿಬಂದರು. ಎಂಜಿನಿಯರೊಬ್ಬರಿಂದ ಜಾಗ ಮತ್ತು ಅಳತೆ ನೋಡಿಸಿದರು. ಆಮೇಲೆ ಶುರುವಾಯಿತು ನಿಜವಾದ ಗೊಂದಲ. ಮರಳು ಹೆಚ್ಚಿರಬೇಕು ಎಂದು ಹೆಂಡತಿ, ಜೇಡಿ ಹೆಚ್ಚಿರಬೇಕು ಎಂದು ಗಂಡ. ಅಂಗಳದ ತುಂಬ ಮಣ್ಣಿನ ಗುಡ್ಡೆಗಳಾದವು. ಯಾವ ಗುಡ್ಡೆ ಯಾವುದು ಎಂಬುದೇ ಮರೆತುಹೋಯಿತು.

"ಜಗಳ ಯಾಕೆ? ಮಣ್ಣನ್ನೇ ಕೇಳಿ" ಎಂದಳು ಮಣ್ಣಕ್ಕ. "ಮರಳು ಮೂರು ಪಾಲು, ಜೇಡಿ ಒಂದು ಪಾಲು ಇರೋ ಹಾಗೆ ಬೆರೆಸಿ. ಸ್ವಲ್ಪ ಒದ್ದೆ ಮಾಡಿ ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಪುಡಿಪುಡಿ ಆದ್ರೆ ಒಣಗಿದೆ, ಇಲ್ಲ ಜೇಡಿ ಸಾಲದು. ಚಪ್ಪಟೆ ಆಗಿ ಕೂತ್ರೆ ನೀರು ಜಾಸ್ತಿ. ನಾಲ್ಕಾರು ಚೂರಾದ್ರೆ ಸರಿ."

ಉಂಡೆ ಬಿಡುವ ಕೆಲಸವನ್ನು ತಾಯಿಯೇ ವಹಿಸಿಕೊಂಡರು. ಬೈಯುತ್ತಲೇ ಒಂದೊಂದಾಗಿ ಬಿಟ್ಟು, ನಾಲ್ಕು ಚೂರಾದ ಮಣ್ಣನ್ನು ಆರಿಸಿದರು.

ಸೈಕಲ್‌ನವನಿಗೆ ಅರ್ಥವಾಗದೆ ಉಳಿದದ್ದು ಗೋಡೆಯ ಅಳತೆಗೆ ಕಟ್ಟಿದ ಎರಡು ಹಗ್ಗ. ವೃತ್ತದ ನಡುವಿನ ಗೂಟಕ್ಕೆ ಒಂದು, ಬಾಗಿಲ ಬಳಿಯ ಗೂಟಕ್ಕೆ ಇನ್ನೊಂದು. ನಡುವಿನದು ಗೋಡೆ ದುಂಡಗಿದೆಯೇ ಎಂದು ತೋರಿಸಬೇಕು. ಬಾಗಿಲ ಬಳಿಯದು, ಮೇಲೆ ಹೋದಂತೆ ಪ್ರತಿ ಸಾಲು ಎಷ್ಟು ಒಳಗೆ ಸರಿಯಬೇಕು ಎಂದು ತೋರಿಸಬೇಕು. ಅವನು ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತಿದ್ದ. ಸಾಲಿಗೂ ಸಾಲಿಗೂ ನಡುವೆ ಮುಳ್ಳುತಂತಿ ಹಾಸುತ್ತ, ದಮ್ಮಸ್ಸು ಹೊಡೆಯುತ್ತ, ಗೋಡೆ ಎದೆಮಟ್ಟಕ್ಕೆ ಬಂತು. ಆಗ ಹೆಂಡತಿ ದೂರ ನಿಂತು ನೋಡಿದಳು. ಒಂದು ಕಡೆ ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು.

"ರೀ, ಇದೇನ್ರೀ ಇದು?"

"ಹಗ್ಗ ತೋರಿಸಿದ ಹಾಗೇ ಇಟ್ಟಿದ್ದೀನಿ ಕಣೇ!"

"ನಾನು ಹೇಳ್ಲಿಲ್ವಾ?" ಎಂದರು ತಾಯಿ. ಅವನು ಸಲಿಕೆ ಬಿಸಾಕಿ ಅಂಗಡಿಗೆ ಹೋಗಿ ಕೂತ. ಎಲ್ಲಿ ತಪ್ಪಿತು ಎಂದು ತಿಳಿಯದೆ ಅವನಿಗೆ ಅಳುವೇ ಬಂತು.

ಮಣ್ಣಕ್ಕ ಬಂದು ಹಗ್ಗ ಎಳೆದು ನೋಡಿದಳು. ಅದು ನೈಲಾನು. ಎಳೆದಷ್ಟೂ ಉದ್ದವಾಗುತ್ತಿತ್ತು. ಅದನ್ನು ಹಿಡಿದೇ ಅಂಗಡಿಗೆ ಹೋದಳು.

"ನಿನ್ನ ತಪ್ಪಲ್ಲಪ್ಪ, ಹಗ್ಗದ್ದು. ನಾನೂ ಮೊದಲೇ ನೋಡ್ಬೇಕಿತ್ತು. ಹಿಗ್ಗದೇ ಇರೋದು ಏನಾದ್ರೂ ಬೇಕು."

ಅವನು ಎದ್ದು ಹಳೆಯ ಸೈಕಲ್ ಚೈನುಗಳನ್ನು ಕೊಂಡಿ ಕೊಂಡಿ ಸೇರಿಸಿ ಉದ್ದ ಮಾಡಿ ತಂದ. ಎರಡಕ್ಕೂ ಬೇರೆ ಬೇರೆ ಬಣ್ಣದ ಬಟ್ಟೆ ಕಟ್ಟಿದಳು ಹೆಂಡತಿ. ಉಬ್ಬಿದ ಸಾಲುಗಳನ್ನು ಬಿಚ್ಚಿದರು. ಕಷ್ಟಪಟ್ಟು ಕಟ್ಟಿದ್ದು, ಆದರೂ ಬಿಚ್ಚಿದರು. ಅದೇ ಮಣ್ಣನ್ನು ಮತ್ತೆ ತುಂಬಿ ಕಟ್ಟಿದರು. ಕಿಟಕಿ ಬಾಗಿಲಿಗೆ ಮರದ ಚೌಕಟ್ಟು ಇಟ್ಟರು. ಸಾಲು ಸಾಲಾಗಿ ಗೋಡೆ ಬಾಗುತ್ತ ಬಾಗುತ್ತ ನೆತ್ತಿಯಲ್ಲಿ ಕೂಡಿಕೊಂಡಿತು. ಬಿಸಿಲಿಗೆ ಚೀಲ ಹರಿಯುವ ಮೊದಲೇ ಗಾರೆ ಬಳಿದರು.

ಗಾರೆ ಚೆನ್ನಾಗಿ ಒಣಗಿದರೂ ತಾಯಿ ಬಾಗಿಲಲ್ಲೇ ನಿಂತರು. "ಕಂಬ ಇಲ್ಲ, ತೊಲೆ ಇಲ್ಲ. ಇದನ್ನ ಹಿಡಿದಿರೋದು ಯಾರು?"

"ಒಂದು ಸಾಲನ್ನ ಇನ್ನೊಂದು ಹಿಡಿದಿದೆ ಅಮ್ಮ" ಎಂದ ಮಗ.

"ನೀನು ಮೇಲೆ ಹತ್ತಿ ನಿಲ್ಲು ನೋಡೋಣ."

ಅವನು ಏಣಿ ಹಾಕಿ ಹತ್ತಿದ. ನೆತ್ತಿಯ ಮೇಲೆ ನಿಂತು ಕೆಳಗೆ ನೋಡುತ್ತಾನೆ, ತಾಯಿ ಕಾಣಿಸಲಿಲ್ಲ. ಗಾಬರಿಯಾಗಿ "ಅಮ್ಮಾ!" ಎಂದು ಕೂಗಿದ.

"ಇಲ್ಲೇ ಇದ್ದೀನೋ" ಎಂಬ ದನಿ ಅವನ ಕಾಲಡಿಯಿಂದ ಬಂತು. ಮಗನನ್ನು ಮೇಲೆ ನಿಲ್ಲಿಸಿ ಅವರು ಸೊಸೆಯ ಜೊತೆ ಒಳಗೆ ಹೋಗಿದ್ದರು. ಗೋಡೆಯ ಮೇಲೆ ಅಂಗೈ ಇಟ್ಟು ಕೈಗೆ ಎಟಕುವವರೆಗೂ ಸವರುತ್ತಿದ್ದರು. "ಅಲ್ಲಮ್ಮ, ಗೋಡೆ ಎಲ್ಲಿ ಮುಗೀತು, ಸೂರು ಎಲ್ಲಿ ಶುರುವಾಯ್ತು?"

"ನನಗೂ ತಿಳೀತಿಲ್ಲ ಅತ್ತೆ" ಎಂದಳು ಸೊಸೆ.

"ಹೋಗಲಿ ಬಿಡು. ತಣ್ಣಗಿದೆ. ನನ್ನ ಹಾಸಿಗೆ ತಂದ್ಬಿಡು."

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಇಂಥ ಮನೆಯ ಆಸೆ ಹುಟ್ಟಿದರೆ ಮೊದಲು ಕಟ್ಟಿದವರ ಮನೆಯೊಳಗೆ ಹೋಗಿ ಕೂತು ನೋಡಿ. ನೀರು ನಿಲ್ಲದ ಜಾಗ ಆರಿಸಿ, ಅನುಮತಿ ಪಡೆಯಿರಿ, ತಿಳಿದವರಿಗೆ ಅಳತೆ ತೋರಿಸಿ. ಕೈ ಪಳಗಲು ಸಣ್ಣದೊಂದು ಕೋಳಿಗೂಡು ಕಟ್ಟಿ ನೋಡಿ. ತಲೆ ಗೊಂದಲವಾಗುತ್ತದೆ, ಎಲ್ಲರಿಗೂ ಆಗುತ್ತದೆ. ಆಗ ಕೆಲಸ ನಿಲ್ಲಿಸಿ ಕೇಳಿ. ತಪ್ಪಿದ ಸಾಲನ್ನು ನಾಚದೆ ಬಿಚ್ಚಿ. ನಿಮ್ಮ ಕಾಲ ಕೆಳಗಿನ ಮಣ್ಣನ್ನು ಇವತ್ತೇ ಒಂದು ಹಿಡಿ ಎತ್ತಿಕೊಂಡು ಉಂಡೆ ಕಟ್ಟಿ ನೋಡಿ.